ಬಿಳಿ ಸೇವಂತಿಗೆ ಹಚ್ಚಿದ ಗಂಧ

ನಾನು ದೇವರ ಬಾಯಲ್ಲಿ ಸುಳ್ಳು ಹೇಳಿಸಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಸುತ್ತಿ ಬಳಸಿ ಹೇಳಲು ಹೊರಟರೆ ನಡುವೆ ಎಲ್ಲೋ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡುಬಿಡುತ್ತೇನೆ, ಅಷ್ಟು ಜಾಣತನ ನನ್ನಲ್ಲಿದೆ. ಎಂಟು ವರ್ಷಗಳ ಹಿಂದೆ ಲೋಕಿಕೆರೆಯ ನಮ್ಮ ಹೊಲದ ಬದುವಿನಲ್ಲಿರುವ ಮನೆದೇವತೆಯ ಗುಡಿಯಲ್ಲಿ, ಅಮ್ಮನ ಬಲಭುಜಕ್ಕೆ ಇಡುವ ಬಿಳಿ ಸೇವಂತಿಯ ತೊಟ್ಟಿಗೆ ನಾನು ಗಟ್ಟಿಯಾಗಿ ಗಂಧ ಮೆತ್ತಿದೆ. ಬೀಳಬಾರದೆಂದೇ ಮೆತ್ತಿದೆ. ಬೀಳಲಿಲ್ಲ. ಆ ಒಂದು ಹೂವು ಬೀಳಲಿಲ್ಲವೆಂದು ನನ್ನ ಓರಗಿತ್ತಿ ವಿಶಾಲಾಕ್ಷಿ ತಾನಾಗಿ ಬಯಸಿದ ಒಂದೇ ಒಂದು ಪ್ರಯಾಣವನ್ನು ಕೈಬಿಟ್ಟಳು. ಪ್ರಯಾಣವೊಂದನ್ನೇ ಅಲ್ಲ — ಅದು ನನಗೆ ಆಮೇಲೆ ತಿಳಿಯಿತು.

ನಮ್ಮ ಕಡೆ ಹೂವು ಕೇಳುವ ಪದ್ಧತಿ ಗೊತ್ತಿಲ್ಲದವರು ಕಡಿಮೆ. ಆದರೂ ನಮ್ಮ ಮನೆಯ ಕ್ರಮ ಹೇಳುತ್ತೇನೆ. ಮದುವೆ, ಮನೆ ಕಟ್ಟುವುದು, ಊರು ಬಿಡುವುದು — ಮನಸ್ಸು ಎರಡಾದಾಗ ಅಮ್ಮನನ್ನು ಕೇಳುತ್ತೇವೆ. ಬಿಳಿ ಸೇವಂತಿ ಬಲಭುಜಕ್ಕೆ, ಹಳದಿ ಸೇವಂತಿ ಎಡಭುಜಕ್ಕೆ. ಎರಡನ್ನೂ ನೀರಲ್ಲಿ ಅದ್ದಿ ಪೂಜಾರಿ ಮೂರ್ತಿಗೆ ಅಂಟಿಸುತ್ತಾನೆ. ನೀರು ಆರುತ್ತ ಬಂದ ಹಾಗೆ ಯಾವುದು ಮೊದಲು ಉದುರುತ್ತದೋ ಅದು ಅಮ್ಮನ ಮಾತು. ಹೂವನ್ನು ಆರಿಸಿ, ತೊಳೆದು, ತಟ್ಟೆಯಲ್ಲಿಟ್ಟು ಪೂಜಾರಿಯ ಕೈಗೆ ಕೊಡುವುದು ಮನೆಯ ಹಿರಿಸೊಸೆಯ ಹಕ್ಕು. ಹಿರಿಸೊಸೆ ನಾನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ದೇವರೂ ಕೊಡುತ್ತಿದ್ದಳು, ಪೂಜಾರಿಯೂ ಕೊಡುತ್ತಿದ್ದ. ತಟ್ಟೆ ಹಿಡಿದವಳು ಕೊಡಲಿಲ್ಲ.

ನನ್ನ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮನೆ. ಯಜಮಾನರು ಹಾಲೇಶಪ್ಪ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ನಡೆಸಿದವರು. ನಾನು ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವಳು. ಆದರೆ ನಮ್ಮ ಮನೆತನದಲ್ಲಿ ಕುಕ್ಕರ್ ಕೊಳ್ಳಬೇಕಾದರೂ ಒಂದು ಸಲ ನನಗೆ ಫೋನ್ ಬರಬೇಕು. ಯಾರ ಕೂಸಿಗೆ ಯಾವ ಹೆಸರು, ಯಾರ ಮದುವೆಗೆ ಯಾವ ಅಡುಗೆಯವನು — ಎಲ್ಲ ನನ್ನದೇ ತೀರ್ಮಾನ. ಯಾರೂ ನನಗೆ ಕೊಟ್ಟ ಅಧಿಕಾರವಲ್ಲ ಅದು, ನಾನೇ ತೆಗೆದುಕೊಂಡದ್ದು. ತೆಗೆದುಕೊಂಡದ್ದನ್ನು ಯಾರೂ ಕೇಳಲಿಲ್ಲವಾಗಿ ನನ್ನದೇ ಎಂದುಕೊಂಡೆ.

ವಿಶಾಲು ನನ್ನ ಮೈದುನ ಕೊಟ್ರೇಶನ ಹೆಂಡತಿ. ಹರಿಹರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ಕೊಟ್ರೇಶ ಮಲೆಬೆನ್ನೂರಿನ ಅಕ್ಕಿ ಗಿರಣಿಯೊಂದರಲ್ಲಿ ಮ್ಯಾನೇಜರ್. ದಿನಾ ಬಸ್ಸಿನಲ್ಲಿ ಹೋಗಿ ಬರುವವನು, ಬಾಯಿ ಕಡಿಮೆ. ಅತ್ತೆ ಅವರ ಮನೆಯಲ್ಲೇ ಇದ್ದರು. ಮದುವೆಯಾಗಿ ಬಂದಾಗ ವಿಶಾಲುಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅವಳ ಕೈಯ ಮೇಲೆ ಕೈಯಿಟ್ಟು ಕಲಿಸಿದವಳು ನಾನು. ಆ ಹೆಮ್ಮೆ ಎಷ್ಟೋ ವರ್ಷ ನನ್ನನ್ನು ಸಾಕಿತು. ಯಾರ ಮುಂದಾದರೂ ‘ನಮ್ಮ ವಿಶಾಲು ನನ್ನ ಕೈಯಲ್ಲಿ ತಯಾರಾದವಳು’ ಎನ್ನುತ್ತಿದ್ದೆ. ಅವಳು ಸುಮ್ಮನೆ ನಗುತ್ತಿದ್ದಳು.

ಅವಳಿಗೆ ಗಡಿಗಳೆಂದರೆ ಒಂದು ಹುಚ್ಚು. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ತುಂಗಭದ್ರೆಯ ಸೇತುವೆ ನಡೆಸಿ, ಆಚೆ ದಡದಲ್ಲಿ ನಿಲ್ಲಿಸಿ, ‘ಈಗ ನೀವು ಬ್ಯಾರೆ ಜಿಲ್ಲೆಗೆ ಬಂದ್ರಿ. ಏನಾದ್ರೂ ಬದಲಾತಾ ನೋಡ್ರಿ’ ಎನ್ನುತ್ತಿದ್ದಳಂತೆ. ಮಕ್ಕಳು ನೆಲ ನೋಡಿ, ನೀರು ನೋಡಿ, ಏನೂ ಬದಲಾಗಿಲ್ಲ ಟೀಚರ್ ಎಂದರೆ ಅವಳಿಗೆ ಖುಷಿ. ಇದನ್ನು ಕೇಳಿ ನಾನು ಗೇಲಿ ಮಾಡಿದ್ದೆ. ‘ಬದಲಾಗಲಿಲ್ಲ ಅನ್ನಾಕೆ ಅಷ್ಟು ದೂರ ನಡಿಬೇಕೇನೇ?’ ಎಂದಿದ್ದೆ.

ಎಂಟು ವರ್ಷಗಳ ಹಿಂದೆ ನಾವು ನಾಲ್ವರೂ — ನಾನು, ನಮ್ಮ ಯಜಮಾನರು, ಕೊಟ್ರೇಶ, ವಿಶಾಲು — ಹೊರದೇಶ ನೋಡಿ ಬರೋಣವೆಂದು ಮಾತಾಯಿತು. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್. ಊರುಗಳ ಬಗ್ಗೆ ತಕರಾರಿರಲಿಲ್ಲ, ಹೋಗುವ ಬಗೆಯಲ್ಲಿತ್ತು. ನಮ್ಮ ಬಡಾವಣೆಯ ಅರ್ಧ ಜನ ಟೂರಿನವರ ಜೊತೆ ಹೋಗಿ ಬಂದಿದ್ದರು. ಅಡುಗೆಯವರೇ ಜೊತೆಗೆ ಬರುತ್ತಾರೆ, ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ಕನ್ನಡದಲ್ಲೇ ಹೇಳುವ ಮ್ಯಾನೇಜರ್ — ಬಾವುಟ ಎತ್ತಿದ ಕಡೆ ನಡೆದರೆ ಆಯಿತು. ನನಗೆ ಇಷ್ಟವಾದದ್ದು ಇದೇ. ವಿಶಾಲುಗೆ ಇದು ಬೇಡವಾಗಿತ್ತು. ನಾವೇ ಹೋಗೋಣ, ರೈಲಿನಲ್ಲಿ, ಬಸ್ಸಿನಲ್ಲಿ, ನೆಲದ ಮೇಲೆಯೇ ಮೂರು ದೇಶ ದಾಟೋಣ ಎಂಬುದು ಅವಳ ಆಸೆ. ಮಲೇಷ್ಯಾದ ಕೊನೆಯಲ್ಲಿ ಒಂದು ರೈಲು ನಿಲ್ದಾಣವಿದೆಯಂತೆ. ಒಂದು ಕೌಂಟರಿನಲ್ಲಿ ಆ ದೇಶದಿಂದ ಹೊರಗೆ ಎಂದು ಮುದ್ರೆ ಒತ್ತಿಸಿಕೊಂಡು, ನಾಲ್ಕು ಹೆಜ್ಜೆ ನಡೆದು, ಇನ್ನೊಂದರಲ್ಲಿ ಥಾಯ್ಲೆಂಡಿನ ಒಳಗೆ ಎಂದು ಒತ್ತಿಸಿಕೊಳ್ಳುವುದಂತೆ. ಆ ನಾಲ್ಕು ಹೆಜ್ಜೆ ಅವಳಿಗೆ ಬೇಕಿತ್ತು.

ಹರಿಹರದ ಅವರ ಮನೆಯಲ್ಲಿ ಒಂದು ಭಾನುವಾರ ಊಟವಾದ ಮೇಲೆ ಅವಳು ನಕ್ಷೆ ಹಾಸಿದಳು. ಜೊತೆಗೆ ಒಂದು ಉದ್ದನೆಯ ನೋಟ್‌ಬುಕ್ಕು — ಯಾವ ರೈಲು, ಎಷ್ಟು ಹೊತ್ತಿಗೆ, ಎಲ್ಲಿ ಸಸ್ಯಾಹಾರ ಸಿಗುತ್ತದೆ, ನನ್ನ ಮಂಡಿಗೆ ಮೆಟ್ಟಿಲಿಲ್ಲದ ವಸತಿ ಯಾವುದು, ಎಲ್ಲ ಬರೆದಿಟ್ಟಿದ್ದಳು. ಹೌದು, ನನ್ನ ಮಂಡಿಯನ್ನೂ ಬರೆದಿದ್ದಳು. ಗಂಡಸರಿಬ್ಬರೂ ಬಗ್ಗಿ ನೋಡಿದರು. ಅತ್ತೆಯೂ ಕನ್ನಡಕ ಹಾಕಿಕೊಂಡು ಬಂದರು.

‘ದಾರಿ ತಪ್ಪಿದ್ರೆ?’ ಎಂದು ನಾನು ಕೇಳಿದೆ.

‘ತಪ್ಪಿದ್ರೆ ಕೇಳ್ಕಂಡು ಹೋಗಣ. ತಪ್ಪಿ ಹೋದ ಊರೂ ಊರೇ ಅಲ್ವಾ ಅಕ್ಕಾ?’

ನಮ್ಮ ಯಜಮಾನರು ಜೋರಾಗಿ ನಕ್ಕರು. ‘ವಿಶಾಲು, ನೀನಿದ್ರೆ ನಮಗೆ ಯಾವ ಟೂರ್‌ನೋರೂ ಬ್ಯಾಡ ಬಿಡು’ ಎಂದರು. ಮೂವತ್ತೇಳು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನಗೆ ಅಂಥ ಮಾತು ಒಂದೂ ಹೇಳಿರಲಿಲ್ಲ. ನನ್ನ ಮುಖ ಸಣ್ಣಗಾದದ್ದನ್ನು ವಿಶಾಲು ಕಂಡಳೇನೋ. ಹೆದರಿದ್ದೇನೆ ಎಂದುಕೊಂಡಳು. ಪಕ್ಕಕ್ಕೆ ಬಂದು ನನ್ನ ಕೈ ಹಿಡಿದು ಹೇಳಿದಳು:

‘ಅಕ್ಕಾ, ನೀವೇನೂ ತಲೆ ಕೆಡಿಸ್ಕಬ್ಯಾಡ್ರಿ. ನನ್ ಕೈ ಹಿಡ್ಕಂಡು ಬರ್ರಿ, ಸಾಕು.’

ಅವಳ ಮಾತಿನಲ್ಲಿ ಒಂದು ಸಾಸಿವೆಯಷ್ಟೂ ಕೊಂಕಿರಲಿಲ್ಲ. ಪ್ರೀತಿಯಿಂದಲೇ ಹೇಳಿದ್ದು. ಆದರೆ ನನ್ನೊಳಗೆ — ಹೇಗೆ ಹೇಳಲಿ — ಉರಿದುಹೋಯಿತು. ಕೈ ಹಿಡಿದು ನಡೆಸಿದವಳು ನಾನು, ಈಗ ಇವಳ ಕೈ ಹಿಡಿದು ನಾನು ನಡೆಯುವುದೇ? ಟೂರಿನ ಮ್ಯಾನೇಜರನ ಹಿಂದೆ ನಡೆಯುವುದರಲ್ಲಿ ನನಗೆ ಯಾವ ಅವಮಾನವೂ ಇರಲಿಲ್ಲ, ಅವನು ಯಾರೋ ಹೊರಗಿನವನು. ಮನೆಯ ಕಿರಿಸೊಸೆಯ ಹಿಂದೆ ಮೂರು ದೇಶ ನಡೆಯುವುದು — ಅದು ನನ್ನಿಂದ ಆಗದ ಕೆಲಸ. ಇದು ಆವತ್ತೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಲ್ಲಿ ಬೇರೆ ಮಾತಾಡಿದೆ. ಯಜಮಾನರ ಕಾಲಿನ ಬಾವು, ಗೊತ್ತಿಲ್ಲದ ಭಾಷೆ, ಪಾಸ್‌ಪೋರ್ಟ್ ಕಳೆದರೆ ಏನು ಗತಿ, ಹುಷಾರು ತಪ್ಪಿದರೆ ಯಾರು ಗತಿ ಎಂದು ಒಂದೊಂದಾಗಿ ತೆಗೆದೆ. ಇವು ಯಾವುವೂ ಸುಳ್ಳು ಕಾರಣಗಳಲ್ಲ, ಯಾರಾದರೂ ಯೋಚಿಸಬೇಕಾದವೇ. ಆದರೆ ಅವು ನನ್ನ ಕಾರಣಗಳಾಗಿರಲಿಲ್ಲ.

ವಾದ ಮೂರು ವಾರ ನಡೆಯಿತು. ಕೊನೆಗೆ ಅತ್ತೆಗೆ ಬೇಸರವಾಯಿತು. ‘ಅಮ್ಮನ್ನ ಕೇಳ್ರಿ. ಆಕಿ ಯಾವ ಕಡೆ ಕೊಡ್ತಾಳೋ ಹಂಗೆ ಮಾಡ್ರಿ. ನನ್ ಮುಂದೆ ದಿನಾ ಈ ರಗಳೆ ಬ್ಯಾಡ’ ಎಂದರು. ವಿಶಾಲು ತಕ್ಷಣ ಒಪ್ಪಿದಳು. ಅಷ್ಟು ಓದಿದವಳು, ಮಳೆ ಯಾಕೆ ಬರುತ್ತದೆ, ಭೂಮಿ ಯಾಕೆ ನಡುಗುತ್ತದೆ ಎಂದು ಮಕ್ಕಳಿಗೆ ಬಿಡಿಸಿ ಹೇಳುವವಳು — ಅಮ್ಮನ ವಿಷಯಕ್ಕೆ ಬಂದರೆ ನಮ್ಮ ಅತ್ತೆಗಿಂತ ಗಟ್ಟಿ. ಅವಳ ಮಗಳ ಹೆರಿಗೆ ಕಷ್ಟವಾದಾಗ ಬಲಕ್ಕೆ ಹೂವು ಕೊಟ್ಟು ಧೈರ್ಯ ತುಂಬಿದ ದೇವತೆ ಅದು. ಅವಳ ಆ ನಂಬಿಕೆ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ —

ಮಂಗಳವಾರ ಬೆಳಿಗ್ಗೆ ಲೋಕಿಕೆರೆಗೆ ಹೋದೆವು. ಗುಡಿಯ ಹಿಂದಿನ ಕಟ್ಟೆಯ ಮೇಲೆ ಕೂತು ನಾನು ಹೂವು ತೊಳೆದೆ. ಪಕ್ಕದಲ್ಲಿ ಸಾಣೆಕಲ್ಲು, ಪೂಜೆಗೆಂದು ನಾನೇ ತೇಯ್ದ ಗಂಧ. ತೇಯ್ದ ಗಂಧ ಆರುತ್ತ ಬಂದರೆ ಗೋಂದಿನ ಹಾಗೆ ಹಿಡಿಯುತ್ತದೆ, ಅದು ಪೂಜೆ ಮಾಡುವ ಯಾವ ಹೆಂಗಸಿಗೂ ಗೊತ್ತು. ಮೊದಲೇ ಯೋಚಿಸಿ ಬಂದಿದ್ದೆನೋ, ಆ ಗಳಿಗೆಯಲ್ಲಿ ಹೊಳೆಯಿತೋ ಎಂದು ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಗಂಧವನ್ನು ಆವತ್ತು ಎಂದಿಗಿಂತ ಗಟ್ಟಿಯಾಗಿ ತೇಯ್ದಿದ್ದೆ. ಅದೇ ಉತ್ತರ. ಹೆಬ್ಬೆಟ್ಟಿನಿಂದ ಬಿಳಿ ಸೇವಂತಿಯ ತೊಟ್ಟಿಗೆ ಮೆತ್ತಿದೆ, ಮೇಲಿನಿಂದ ಕಾಣದಂತೆ ಎಸಳು ಸರಿಮಾಡಿದೆ, ತಟ್ಟೆಯಲ್ಲಿಟ್ಟೆ.

ಪೂಜಾರಿ ಕೇಳಿದ: ‘ತಾಯಿ, ಮಕ್ಕಳು ತಾವೇ ದಾರಿ ಹುಡುಕ್ಕೊಂಡು ಹೋಗೋದಾದ್ರೆ ಬಲಕ್ಕೆ ಕೊಡು. ಟೂರಿನ ಗುಂಪಿನ ಜೋಡಿ ಹೋಗೋದಾದ್ರೆ ಎಡಕ್ಕೆ ಕೊಡು.’ ಎಲ್ಲರೂ ಕೈಮುಗಿದು ಕೂತೆವು. ವಿಶಾಲು ಕಣ್ಣು ಮುಚ್ಚಿದ್ದಳು, ತುಟಿ ಅಲ್ಲಾಡುತ್ತಿತ್ತು. ನಾನು ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಹಳದಿ ಹೂವು ಟಪ್ಪೆಂದು ಬಿತ್ತು.

‘ಎಡಕ್ಕೆ ಕೊಟ್ಲು ತಾಯಿ. ಗುಂಪಿನ ಜೋಡಿ ಹೋಗ್ರಿ’ ಎಂದ ಪೂಜಾರಿ.

ವಿಶಾಲು ಅಡ್ಡಬಿದ್ದು ಎದ್ದಳು. ಎದ್ದವಳೇ ನನ್ನ ಕಡೆ ತಿರುಗಿ, ‘ಅಕ್ಕಾ, ನಿಮ್ ಮಾತೇ ಸರಿ ಆತು ನೋಡ್ರಿ’ ಎಂದು ನಕ್ಕಳು. ಸೋತ ನಗೆಯಲ್ಲ ಅದು, ನಿಜವಾಗಿ ಒಪ್ಪಿಕೊಂಡ ನಗೆ. ಆಗ ಹೇಳಬಹುದಿತ್ತು. ಇನ್ನೂ ಗುಡಿಯ ಮೆಟ್ಟಿಲು ಇಳಿದಿರಲಿಲ್ಲ. ಹೇಳಲಿಲ್ಲ.

ಟೂರಿಗೆ ಹೋದೆವು. ಸುಳ್ಳು ಯಾಕೆ, ನನಗೆ ಬಹಳ ಚೆನ್ನಾಗಿತ್ತು. ಮೂವತ್ತೆಂಟು ಜನಕ್ಕೂ ಒಂದೇ ಬಣ್ಣದ ಹಳದಿ ಟೋಪಿ. ಎರಡೇ ದಿನದಲ್ಲಿ ಅರ್ಧ ಬಸ್ಸಿಗೆ ನಾನು ಅಕ್ಕನಾದೆ. ಯಾರಿಗೆ ಯಾವ ಮಾತ್ರೆ, ಯಾರು ಯಾರ ಪಕ್ಕ ಕೂರಬೇಕು ಎಂದು ಅಲ್ಲೂ ನನ್ನದೇ ಕಾರಬಾರು. ಯಜಮಾನರ ಕಾಲು ಊದಿಕೊಂಡ ದಿನ ಮ್ಯಾನೇಜರ್ ಅರ್ಧ ಗಂಟೆಯಲ್ಲಿ ಡಾಕ್ಟರನ್ನು ಕರೆಸಿದ. ಗುಂಪಿನಲ್ಲಿ ಹೋಗುವುದು ಕೆಟ್ಟದ್ದು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ನನ್ನಂಥವರಿಗೆ ಅದೇ ಸರಿ. ಆದರೆ ಅದು ನನ್ನ ಪ್ರಯಾಣವಾಗಿತ್ತು. ವಿಶಾಲು ತಾನು ಓದಿ ಓದಿ ಬಾಯಿಪಾಠ ಮಾಡಿಕೊಂಡಿದ್ದ ಊರುಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದಳು. ‘ಇಲ್ಲಿ ಇಪ್ಪತ್ತು ನಿಮಿಷ, ಫೋಟೋ ತಗೊಂಡು ಬೇಗ ಬನ್ನಿ’ ಎಂದರೆ ಇಪ್ಪತ್ತು ನಿಮಿಷಕ್ಕೆ ಮೊದಲೇ ಬಂದು ಕೂತಿರುತ್ತಿದ್ದಳು. ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಲೇಷ್ಯಾದಿಂದ ಥಾಯ್ಲೆಂಡಿಗೆ ವಿಮಾನ. ಇಳಿದ ಮೇಲೆ ಅವಳು ಮ್ಯಾನೇಜರನನ್ನು ಕೇಳಿದಳು: ‘ಸಾರ್, ಗಡಿ ಎಲ್ಲಿ ಬಂತು?’

‘ಗಡೀನಾ? ಅದು ಕೆಳಗೆ ಎಲ್ಲೋ ಹೋಯ್ತು ಮೇಡಂ. ನೀವು ಊಟ ಮಾಡ್ತಿದ್ರಿ!’

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಈ ಕಥೆಯಲ್ಲಿ ಗಂಧ ಹಚ್ಚಿದ್ದಕ್ಕಿಂತ ಆ ನಗೆಯೇ ಕೆಲವು ಸಲ ನನ್ನನ್ನು ಹೆಚ್ಚು ಸುಡುತ್ತದೆ. ವಿಶಾಲು ಕೂಡ ನಕ್ಕಳು, ಟೋಪಿಯನ್ನು ಸರಿಮಾಡಿಕೊಂಡು ಸಾಲಿನಲ್ಲಿ ನಿಂತಳು.

ಊರಿಗೆ ಬಂದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಅವಳು ಶಾಲೆಯ ಮಕ್ಕಳನ್ನು ಸೇತುವೆ ನಡೆಸುವುದನ್ನು ನಿಲ್ಲಿಸಿದಳು. ಶೈಕ್ಷಣಿಕ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಕೆಲಸವನ್ನು ಬೇರೆ ಟೀಚರಿಗೆ ಬಿಟ್ಟುಕೊಟ್ಟಳು. ಇದು ನನಗೆ ತಿಳಿದದ್ದು ಎರಡು ವರ್ಷ ತಡವಾಗಿ, ಅದೂ ಕೊಟ್ರೇಶನಿಂದ. ‘ಯಾಕಂತೆ?’ ಎಂದೆ. ‘ಅತ್ತಿಗೆ, ತನ್ನ ಹಿಂದೆ ನಾಕು ಜನ ಬರೋದು ಅಮ್ಮಗೆ ಇಷ್ಟ ಇಲ್ಲ ಅಂತಾಳೆ. ಆವತ್ತು ಹೂವು ಕೊಡ್ಲಿಲ್ವಲ್ಲ’ ಎಂದ. ನಾನು ಒಂದು ಪ್ರಯಾಣಕ್ಕೆ ತಡೆ ಹಾಕಿದ್ದೆ. ಅವಳು ಅದನ್ನು ತನ್ನ ಇಡೀ ಬದುಕಿಗೆ ಕೊಟ್ಟ ಉತ್ತರವೆಂದು ತಿಳಿದಿದ್ದಳು. ಇದು ಗೊತ್ತಾದ ಮೇಲೂ ನಾನು ಆರು ವರ್ಷ ಬಾಯಿ ಬಿಡಲಿಲ್ಲ. ಹಬ್ಬಕ್ಕೆ ಅವಳಿಗೆ ಒಳ್ಳೆ ಸೀರೆ ಕೊಡಿಸಿದೆ, ಎಲ್ಲರ ಮುಂದೆ ಹೊಗಳಿದೆ. ಹೊಗಳುವುದು ಬಹಳ ಸುಲಭ.

ಕಳೆದ ವರ್ಷ ಅವಳು ನಿವೃತ್ತಳಾದಳು. ಈ ವರ್ಷ ಅವಳ ಜೊತೆಗೆ ಕೆಲಸ ಮಾಡಿದ ನಾಲ್ಕು ಜನ ಟೀಚರುಗಳು ಗಂಟುಬಿದ್ದರು. ಆ ಹಳೆಯ ನೋಟ್‌ಬುಕ್ಕಿನ ವಿಷಯ ಅವರಿಗೆ ಗೊತ್ತಿತ್ತು. ‘ನೀವು ಮುಂದೆ ನಡೀರಿ ಟೀಚರ್, ನಾವು ಹಿಂದೆ ಬರ್ತೀವಿ, ಟೂರು ಗೀರು ಏನೂ ಬ್ಯಾಡ’ ಎಂದು. ವಿಶಾಲು ಆಗುವುದಿಲ್ಲ ಎಂದಿದ್ದಳು. ಹಾಗಾದರೆ ಟೂರಿನವರ ಹತ್ತಿರ ಹೆಸರು ಬರೆಸುತ್ತೇವೆ, ಭಾನುವಾರದೊಳಗೆ ಕೊನೆಯ ಮಾತು ಹೇಳಿ ಎಂದಿದ್ದರು ಅವರು. ಅತ್ತೆಯನ್ನು ನೋಡಲು ಆ ಗುರುವಾರ ನಾನು ಹರಿಹರಕ್ಕೆ ಹೋದಾಗ ನಾಲ್ವರೂ ಪಡಸಾಲೆಯಲ್ಲಿ ಕೂತಿದ್ದರು. ನನ್ನನ್ನು ಕಂಡದ್ದೇ ವಿಶಾಲುಗೆ ಆನೆ ಬಲ ಬಂತು.

‘ಬರ್ರಿ ಅಕ್ಕಾ, ಕೂಡ್ರಿ. ನೀವೇ ಹೇಳ್ರಿ ಇವರಿಗೆ. ಆವತ್ತು ಅಮ್ಮ ಯಾವ ಕಡೆ ಕೊಟ್ಲು? ನಾ ಹೇಳಿದ್ರೆ ನಂಬವಲ್ರು.’

ಐದು ಜೊತೆ ಕಣ್ಣು ನನ್ನ ಮೇಲೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ — ನಾನು ನನ್ನ ಹೆಬ್ಬೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಮತ್ತು ಹೇಳಿದೆ:

‘ಎಡಕ್ಕೇ ಕೊಟ್ಲು.’

ಎರಡನೆಯ ಸಲ. ಈ ಸಲ ದೇವರನ್ನೂ ನಡುವೆ ಇಟ್ಟುಕೊಳ್ಳಲಿಲ್ಲ, ನನ್ನ ಬಾಯಿಂದಲೇ ಹೇಳಿದೆ. ವಿಶಾಲು ಟೀಚರುಗಳ ಕಡೆ ತಿರುಗಿ, ‘ಕೇಳಿದ್ರಾ?’ ಎಂದಳು. ಅವಳ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಯಾರಾದರೂ ಇಲ್ಲ ಎನ್ನಲಿ ಎಂದು ಎಂಟು ವರ್ಷ ಕಾದವಳ ದನಿ ಅದು. ನನಗೆ ಅಲ್ಲಿ ಕೂರಲಾಗಲಿಲ್ಲ. ಚಹಾ ಬೇಡವೆಂದು, ಮನೆಯಲ್ಲಿ ಕೆಲಸವಿದೆಯೆಂದು ಹೊರಟುಬಂದು ದಾವಣಗೆರೆಯ ಬಸ್ಸು ಹತ್ತಿದೆ.

ನಡುದಾರಿಯ ದೊಡ್ಡಬಾತಿಯವರೆಗೂ ನಾನು ನನ್ನ ಜೊತೆ ವಾದ ಮಾಡಿದೆ. ಈಗ ಹೇಳಿ ಏನು ಪ್ರಯೋಜನ, ಇಷ್ಟು ವಯಸ್ಸಾದ ಮೇಲೆ ಯಾಕೆ, ಅತ್ತೆಗೆ ಆಘಾತವಾದೀತು, ಅಮ್ಮನ ಮೇಲಿನ ಅವಳ ನಂಬಿಕೆಯೇ ಹೋದೀತು — ಹಳೆಯ ಚಾಳಿಯಂತೆ ಒಳ್ಳೊಳ್ಳೆ ಕಾರಣಗಳು ಒಂದರ ಹಿಂದೆ ಒಂದು ಬಂದವು. ಇವೂ ನನ್ನ ಕಾರಣಗಳಲ್ಲ ಎಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನನಗಿದ್ದದ್ದು ಒಂದೇ ಹೆದರಿಕೆ, ಇನ್ನು ಮೇಲೆ ಯಾರೂ ನನ್ನನ್ನು ಕೇಳಲಾರರು ಎಂಬುದು. ಎದ್ದು ನಿಂತು ಬಸ್ಸು ನಿಲ್ಲಿಸಲು ಹೇಳಿದೆ.

‘ಯಾಕ್ರಿ ಅಮ್ಮಾ, ನಿಮ್ ಟಿಕೆಟ್ ದಾವಣಗೆರೆಗೆ ಐತಲ್ಲ?’ ಎಂದ ಕಂಡಕ್ಟರ್.

‘ತಪ್ಪು ಬಸ್ ಹತ್ತೀನಪ್ಪ’ ಎಂದು ಇಳಿದೆ. ರಸ್ತೆ ದಾಟಿ ಹರಿಹರದ ಕಡೆಯ ಬಸ್ಸಿಗೆ ಕೈ ಮಾಡಿದೆ.

ನಾನು ವಾಪಸು ಹೋದಾಗ ಟೀಚರುಗಳು ಇನ್ನೂ ಅಲ್ಲೇ ಇದ್ದರು. ಒಳಗೆ ಕರೆದು ಗುಟ್ಟಾಗಿ ಹೇಳಬಹುದಿತ್ತು. ಆದರೆ ಸುಳ್ಳನ್ನು ಅವರೆಲ್ಲರ ಮುಂದೆ ಹೇಳಿದ್ದೆ, ನಿಜವನ್ನೂ ಅವರೆಲ್ಲರ ಮುಂದೆಯೇ ಹೇಳಬೇಕಿತ್ತು. ಕೂರಲಿಲ್ಲ. ನಿಂತೇ ಹೇಳಿದೆ: ‘ವಿಶಾಲು, ಆವತ್ತು ಅಮ್ಮ ಎಡಕ್ಕೆ ಕೊಡ್ಲಿಲ್ಲ. ಬಿಳಿ ಹೂವಿಗೆ ನಾನು ಗಂಧ ಮೆತ್ತಿದ್ದೆ. ಬೀಳಬಾರ್ದು ಅಂತ.’

ಕೈಯಲ್ಲಿದ್ದ ಲೋಟವನ್ನು ಅವಳು ನಿಧಾನವಾಗಿ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದೇ ಬಂದಿದ್ದೆ.

‘ಗಂಧ ಇತ್ತು ಅಕ್ಕಾ’ ಎಂದಳು. ‘ಆ ಹೂವು ಪೂಜಾರಿ ಪ್ರಸಾದ ಅಂತ ನನ್ ಕೈಗೇ ಕೊಟ್ಟಿದ್ದ. ಮುಡ್ಕಳಾಕೆ ಹೋದಾಗ ಬೆರಳಿಗೆ ಅಂಟ್ತು. ಯಾರ್ ಹಚ್ಚಿರಬೋದು ಅಂತ ಎಲ್ರನ್ನೂ ನೆನಸ್ಕಂಡೆ. ಪೂಜಾರಿನ್ನ ನೆನಸ್ಕಂಡೆ, ಭಾವನ್ನ, ನಮ್ಮನೆಯೋರನ್ನ... ಅತ್ತೀನ್ನೂ ಬಿಡ್ಲಿಲ್ಲ. ನಿಮ್ಮನ್ನ ಮಾತ್ರ ನೆನಸ್ಕಳ್ಲಿಲ್ಲ. ಕಡೀಗೆ, ಅಭಿಷೇಕದ ಗಂಧ ಹತ್ತಿರಬೇಕು, ಅದೂ ಅಮ್ಮನ ಇಚ್ಛೆ ಅನ್ಕಂಡೆ.’

ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

‘ಯಾಕ ಅಕ್ಕಾ?’ ಎಂದಳು.

ಕಾಲಿನ ಬಾವು, ಭಾಷೆ, ಪಾಸ್‌ಪೋರ್ಟ್ — ಯಾವುದೂ ಬಾಯಿಗೆ ಬರಲಿಲ್ಲ. ‘ನಿನ್ನ ಕೈ ಹಿಡ್ಕಂಡು ನಡಿಯಾಕೆ ನನ್ ಕೈಲಿ ಆಗ್ಲಿಲ್ಲ’ ಎಂದೆ. ಅಷ್ಟೇ ಹೇಳಲು ಇದ್ದದ್ದು.

ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಳು, ಮತ್ತೆ ಬಂತು. ಆಮೇಲೆ ಗೆಳತಿಯರ ಕಡೆ ತಿರುಗಿ, ‘ಟೂರಿನೋರಿಗೆ ಹೆಸರು ಕೊಡಬ್ಯಾಡ್ರಿ. ನಾನು ಕರ್ಕಂಡು ಹೋಗ್ತೀನಿ’ ಎಂದಳು. ನನ್ನ ಹಾಳು ಮನಸ್ಸು ನೋಡಿ, ಅದನ್ನು ಕೇಳಿ ನನಗೆ ಎಷ್ಟು ಹಗುರವಾಯಿತೆಂದರೆ, ಎಲ್ಲ ಸರಿಹೋಯಿತು ಎಂಬಂತೆ ಬಾಯಿ ಹಾಕಿದೆ. ‘ನಾನೂ ಬರ್ತೀನಿ ವಿಶಾಲು, ಈ ಸಲ ನಿನ್ನ ಹಿಂದೇನೇ...’

‘ಬ್ಯಾಡ್ರಿ ಅಕ್ಕಾ. ಈ ಸಲ ನೀವು ಬ್ಯಾಡ.’

ದನಿ ಎತ್ತರಿಸಲಿಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನನ್ನ ಯಾವ ಮಾತಿಗೂ ಬೇಡ ಎಂದಿರದವಳು ಅವಳು. ‘ಆತು’ ಎಂದೆ. ಅಷ್ಟು ಹೇಳಲು ಬಹಳ ಕಷ್ಟವಾಯಿತು.

ಅತ್ತೆಗೆ ನಾನೇ ಹೇಳಿದೆ. ಎಂಬತ್ತೇಳು ವಯಸ್ಸಿನ ಅತ್ತೆಗೆ ಆಘಾತವೇನೂ ಆಗಲಿಲ್ಲ. ‘ನನ್ ಕೇಳಿದ್ರೆ ನಾನೇ ಹೇಳ್ತಿದ್ನಲ್ಲೇ, ಆ ಹುಡುಗಿ ಹಿಂದೆ ಹೋಗ್ರಿ ಅಂತ. ಓದಿದ್ದು ಆಕಿ, ನೀನಲ್ಲ’ ಎಂದು ಮುಖ ತಿರುಗಿಸಿದರು. ಯಜಮಾನರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲಿನ ಮಂಗಳವಾರ ಲೋಕಿಕೆರೆಗೆ ಹೋಗಿ ಪೂಜಾರಿಗೂ ಹೇಳಿದೆ. ಇನ್ನು ಮುಂದೆ ಹೂವಿನ ತಟ್ಟೆ ಮುಟ್ಟುವುದಿಲ್ಲ ಎಂದು ನಾನೇ ಹೇಳಬೇಕೆಂದು ಹೋಗಿದ್ದೆ. ಅಷ್ಟರಲ್ಲಿ ಅವನೇ, ‘ಇನ್ಮ್ಯಾಲೆ ತಟ್ಟೆ ನೀವು ಹಿಡೀಬ್ಯಾಡ್ರಿ’ ಎಂದ. ನಾನಾಗಿ ಬಿಡುವುದಕ್ಕೂ ಬಿಡು ಎನ್ನಿಸಿಕೊಳ್ಳುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಆವತ್ತು ಗೊತ್ತಾಯಿತು. ಅದೂ ಆಗಬೇಕಾದ್ದೇ.

ವಿಶಾಲು ಇಲ್ಲದ ಇಪ್ಪತ್ತು ದಿನ ಅತ್ತೆಯನ್ನು ನೋಡಿಕೊಳ್ಳುವವರು ಬೇಕಿತ್ತು. ಕೊಟ್ರೇಶನಿಗೆ ಫೋನ್ ಮಾಡಿ, ಅತ್ತೆ ನಮ್ಮ ಮನೆಗೆ ಬರಲಿ ಎಂದೆ. ಇದನ್ನು ಪ್ರಾಯಶ್ಚಿತ್ತ ಎಂದು ಯಾರೂ ಕರೆಯಬೇಡಿ, ನಾನೂ ಕರೆಯುವುದಿಲ್ಲ. ಅದು ಮಾಡಬೇಕಾದ ಕೆಲಸ, ಮಾಡುತ್ತಿದ್ದೇನೆ. ಹೂವು ಕೇಳದೆ, ನನ್ನನ್ನೂ ಕೇಳದೆ ವಿಶಾಲು ಹೊರಟ ದಿನ ಯಾವುದೆಂದು ನನಗೆ ತಿಳಿದದ್ದೇ ಕೊಟ್ರೇಶ ಅತ್ತೆಯನ್ನು ತಂದು ಬಿಟ್ಟಾಗ. ನಮ್ಮ ಮನೆಯಲ್ಲಿ ತವರಿಗೆ ಹೋಗಬೇಕಾದರೂ ಕಿರಿಯರು ಹಿರಿಸೊಸೆಗೆ ‘ಹೋಗಿ ಬರ್ತೀನಿ’ ಎಂದು ಹೇಳಿ ಹೊರಡುವುದು ವಾಡಿಕೆ. ಆವತ್ತು ನನಗೆ ಫೋನ್ ಬರಲಿಲ್ಲ.

ಅವಳು ಹೋಗಿ ಇವತ್ತಿಗೆ ಒಂಬತ್ತು ದಿನ. ಅತ್ತೆ ಪ್ರತಿದಿನ ಬೆಳಿಗ್ಗೆ ಚಹಾ ಕುಡಿಯುತ್ತ ಒಂದೇ ಪ್ರಶ್ನೆ ಕೇಳುತ್ತಾರೆ. ‘ನಮ್ ವಿಶಾಲು ಇವತ್ತು ಯಾವ ಊರಾಗೆ ಅದಾಳೆ?’

ಕೊಟ್ರೇಶನಿಗೆ ಗೊತ್ತಿದೆ. ಯಜಮಾನರ ಫೋನಿಗೂ ಫೋಟೋ ಬರುತ್ತಿರಬೇಕು, ಒಬ್ಬರೇ ಕೂತು ನೋಡಿ ನಗುತ್ತಾರೆ. ಕೇಳಿದರೆ ಹೇಳಿಯಾರು. ಮನೆತನದಲ್ಲಿ ಯಾರು ಎಲ್ಲಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಏನು ಉಂಡರು ಎಂಬುದೆಲ್ಲ ನಾಲಗೆಯ ತುದಿಯಲ್ಲಿ ಇಟ್ಟುಕೊಂಡವಳು ನಾನು. ಕೇಳಬೇಕೆಂದು ದಿನಾ ಬಾಯಿ ತುರಿಸುತ್ತದೆ. ಕೇಳುವುದಿಲ್ಲ.

‘ಗೊತ್ತಿಲ್ಲ ಅತ್ತೆ’ ಎನ್ನುತ್ತೇನೆ. ‘ಆಕಿ ನನಗೆ ಹೇಳಿ ಹೋಗಿಲ್ಲ.’